ಕಾಯುವುದನ್ನು ಬಿಟ್ಟ ಡಾಕ್ಟರ್ ಅಕ್ಕಾರು

ಮೊನ್ನೆ ಅಮೀನಗಡದಲ್ಲಿ ಬಸ್ಸು ನಿಂತಾಗ ಯಾರೋ ಕಿಟಕಿಯ ಹತ್ತಿರ ಹುರಿದ ಶೇಂಗಾ ಮಾರುತ್ತ ಬಂದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಇಳಕಲ್ಲಿನ ಡಾಕ್ಟರ್ ಅಕ್ಕಾರು ನೆನಪಾದರು. ಪಕ್ಕದಲ್ಲಿ ನನ್ನ ತುಂಬು ಬಸುರಿ ಮಗಳು ತೂಕಡಿಸುತ್ತಿದ್ದಳು. ಬಾಗಲಕೋಟೆಯ ಆಸ್ಪತ್ರೆಗೆ ಹೊರಟಿದ್ದೆವು.

ಈ ಮಗಳು ಹುಟ್ಟಿದ್ದು ಅವರ ಕೈಯಲ್ಲೇ. ಪೇಟೆಯ ಹಿಂದೆ ನಾಲ್ಕಾರು ಮಂಚಗಳ ಸಣ್ಣ ಹೆರಿಗೆ ಆಸ್ಪತ್ರೆ ಅವರದು. ಮುಂಜಾನೆ ಶುರುವಾದ ಬೇನೆ ಮಧ್ಯಾಹ್ನ ದಾಟಿದರೂ ಮುಗಿಯಲಿಲ್ಲ. ಅಕ್ಕಾರು ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. ಮಡಿಲಲ್ಲಿ ಶೇಂಗಾ. ಸುಲಿಯುವುದು, ತಿನ್ನುವುದು, ನಡುನಡುವೆ ಎದ್ದು ಕೂಸಿನ ಎದೆಬಡಿತ ಕೇಳುವುದು, ನನ್ನನ್ನು ಎಬ್ಬಿಸಿ ಪಡಸಾಲೆಯಲ್ಲಿ ನಡೆಸುವುದು... ನನ್ನ ಅತ್ತೆ ತಡೆಯಲಾರದೆ ಒಳಗೆ ನುಗ್ಗಿದರು.

“ಕೊಯ್ದು ತಗದ್ಬಿಡ್ರಿ ಅಕ್ಕಾರ. ಹುಡುಗಿ ಸಾಯಾಕತ್ತಾಳ!”

“ಸಾಯಾಕತ್ತಿಲ್ರಿ, ಹಡಿಯಾಕತ್ತಾಳ. ಹೊರಗ ಕುಂದರ್ರಿ.”

ಸಂಜೆಗೆ ಮಗಳು ಹುಟ್ಟಿದಳು.

ಹಾಗಂತ ಅವರು ಆಪರೇಷನ್ನನ್ನು ಹಳಿದವರಲ್ಲ. ಕೂಸು ಅಡ್ಡ ತಿರುಗಿದೆ, ಬಸುರಿಯ ಬಿ.ಪಿ. ಏರಿದೆ ಎಂದರೆ ಗಳಿಗೆಯೂ ತಡಮಾಡುತ್ತಿರಲಿಲ್ಲ. ಆದರೆ ಪಂಚಾಂಗ ನೋಡಿಸಿಕೊಂಡು ಬಂದು “ಗುರುವಾರ ಹತ್ತರೊಳಗ ತಗೀರಿ” ಎನ್ನುವವರನ್ನು ಬೈದು ಕಳಿಸುತ್ತಿದ್ದರು.

ಆಮೇಲೆ ಅದೊಂದು ಆಯಿತು. ಹುನಗುಂದ ಕಡೆಯ ಒಬ್ಬ ಹುಡುಗಿಗೂ ಅವರು ಹೀಗೆಯೇ ಕಾದರು. ಎಲ್ಲ ಸರಿಯಿತ್ತಂತೆ. ಇನ್ನೇನು ಹೆರಬೇಕು ಎನ್ನುವಾಗ ಕೂಸಿನ ಎದೆಬಡಿತ ಇಳಿಯಿತು. ಹುಟ್ಟಿದ ಕೂಸು ಅಳಲಿಲ್ಲ. ಬಂಧುಗಳು ಕಿಟಕಿಯ ಗಾಜು ಒಡೆದರು, ಅಕ್ಕಾರ ಸೆರಗು ಹಿಡಿದು ಎಳೆದರು. ಸುದ್ದಿ ಕೇಳಿ ನಾನು ಹೋದಾಗ ತಾವೇ ಕಸಬರಿಗೆ ಹಿಡಿದು ಗಾಜಿನ ಚೂರು ಗುಡಿಸುತ್ತಿದ್ದರು. ಮಾತಾಡಿಸಿದೆ. ಅವರು ಬಗ್ಗಿ ಮಂಚದ ಕೆಳಗಿನ ಚೂರುಗಳನ್ನೂ ಎಳೆದು ಗುಡಿಸಿದರು.

ಕೆಲವು ವರ್ಷಗಳ ಮೇಲೆ ತಂಗಿಯನ್ನು ಹೆರಿಗೆಗೆ ಅಲ್ಲಿಗೇ ಕರೆದೊಯ್ದೆ. ಬೇನೆ ಶುರುವಾಗಿ ಹೆಚ್ಚು ಹೊತ್ತಾಗಿರಲಿಲ್ಲ. ಅಕ್ಕಾರು ನೋಡಿ ಹೊರಗೆ ಬಂದವರೇ “ಆಪರೇಷನ್ ಮಾಡೂಣ” ಎಂದರು.

“ಏನರ ತೊಂದ್ರಿ ಐತೇನ್ರಿ?”

“ಈಗಂತೂ ಇಲ್ಲ.”

“ಮತ್ತ ಸ್ವಲ್ಪ ಕಾಯಬಹುದಲ್ರಿ? ನನಗ ಕಾದಿದ್ರಿ.”

ಅವರು ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದರು. “ನೋಡವಾ, ಯಾಕ ಕೊಯ್ದಿ ಅಂತ ಇವತ್ತಿನ ತನಕ ಯಾರೂ ನನ್ನ ಕೇಳಿಲ್ಲ. ಯಾಕ ಕೊಯ್ಲಿಲ್ಲ ಅಂತಷ್ಟ ಕೇಳ್ಯಾರ.”

ಒಳಗಿಂದ ತಂಗಿಯೂ ಕೂಗುತ್ತಿದ್ದಳು: “ಅಕ್ಕಾ, ಹೂಂ ಅನ್ನು! ಈ ನೋವು ನನಗ ಬ್ಯಾಡ.” ಹೂಂ ಅಂದೆವು. ಗಂಡು ಕೂಸು, ಗಟ್ಟಿಮುಟ್ಟಾಗಿತ್ತು. ಎರಡನೆಯದಕ್ಕೂ ಅದೇ ಗಾಯದ ಮೇಲೆ ಮತ್ತೆ ಕೊಯ್ಯಬೇಕಾಯಿತು. ಮೊದಲನೆಯದು ಬೇಕಿತ್ತೋ ಇಲ್ಲವೋ... ಇವತ್ತಿಗೂ ನನಗೆ ಗೊತ್ತಿಲ್ಲ. ಅಕ್ಕಾರಿಗೂ ಗೊತ್ತಿರಲಿಲ್ಲ ಎಂದೇ ನನ್ನ ಅನುಮಾನ. ಆಮೇಲಾಮೇಲೆ ಮುಹೂರ್ತ ಹಿಡಿದು ಬಂದವರನ್ನೂ ಅವರು ಬೈಯುತ್ತಿರಲಿಲ್ಲವಂತೆ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಆಸ್ಪತ್ರೆ ಇದ್ದ ಜಾಗದಲ್ಲಿ ಈಗ ಸೀರೆ ಅಂಗಡಿಯಿದೆ.

ಬಾಗಲಕೋಟೆಯ ವೈದ್ಯೆ ಇನ್ನೂ ಚಿಕ್ಕ ವಯಸ್ಸಿನವರು, ಒಳ್ಳೆಯವರು. ಸ್ಕ್ಯಾನ್ ನೋಡಿ, “ಕೂಸು ಸ್ವಲ್ಪ ದೊಡ್ಡದೈತ್ರಿ. ಬ್ಯಾನಿ ಬರೂತನಕ ಕಾಯಬಹುದು. ಬ್ಯಾಡಂದ್ರ ಸೋಮವಾರ ಆಪರೇಷನ್ ಮಾಡೂಣ. ವಿಚಾರ ಮಾಡಿ ಹೇಳ್ರಿ” ಎಂದರು. ಹೊರಗೆ ಬರುವಷ್ಟರಲ್ಲಿ ಬೀಗತಿಯ ಫೋನು. ವಿಷಯ ಕೇಳಿ, ಸೋಮವಾರ ಬಹಳ ಒಳ್ಳೆಯ ದಿನ ಎಂದರು.

ಮಗಳು ನನ್ನ ಮುಖ ನೋಡಿದಳು. “ಅವ್ವಾ, ಏನ್ ಮಾಡೂಣ?”

“ಕಾಯೂಣವಾ” ಎಂದೆ.

ಹೇಳಿಬಿಟ್ಟೆ. ಆದರೆ ಅಂದಿನಿಂದ ಊಟ ಸೇರುತ್ತಿಲ್ಲ. ರಾತ್ರಿ ಮಗಳು ಮಗ್ಗುಲು ಬದಲಿಸಿದರೂ ಎದ್ದು ದೀಪ ಹಾಕುತ್ತೇನೆ. ಕಾಯುವವರ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ಅಕ್ಕಾರನ್ನು ನಾನು ಒಮ್ಮೆಯೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.