ಬ್ರೇಕಿನ ದಪ್ಪ

ಬಸ್ ಡಿಪೋದವರು ಅವಳಿಗೆ ಇಟ್ಟ ಹೆಸರು ಕೊಕ್ಕೆ ಮೇಡಂ. ಎಲ್ಲದಕ್ಕೂ ಕೊಕ್ಕೆ ಹಾಕುತ್ತಾಳಂತೆ. ಹಾಕದೆ ಏನು ಮಾಡುವುದು? ಅಲ್ಲಿದ್ದವರ ಬುದ್ಧಿಯೆಲ್ಲ ಮೊಣಕಾಲಲ್ಲಿದೆ ಎಂಬುದು ಅಂಕಿಅಂಶ ವಿಭಾಗದಲ್ಲಿ ಹನ್ನೆರಡು ವರ್ಷ ಕೂತು ಅವಳು ಕಂಡುಕೊಂಡ ಸತ್ಯ.

ಬಸ್ಸುಗಳ ಬ್ರೇಕ್ ಲೈನಿಂಗ್ ಎಷ್ಟು ದಪ್ಪ ಉಳಿದಿದೆ ಎಂದು ಮೆಕ್ಯಾನಿಕ್ ವಾರವಾರ ಅಳೆದು ಬರೆಯಬೇಕು; ಸವೆದದ್ದು ಯಾವುದೆಂದು ಅವಳ ಪ್ರೋಗ್ರಾಂ ಹೇಳಬೇಕು. ಬಂದದ್ದು ಅಂಕಿಯೋ ಅಕ್ಷರವೋ ಎಂದು ನೋಡುವ ನಾಲ್ಕು ಸಾಲುಗಳನ್ನು ಅವಳು ಶುರುವಿನಲ್ಲೇ ಬರೆದಿದ್ದಳು. ಅಕ್ಷರ ಕಂಡರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತಿತ್ತು. ಅದು ಮ್ಯಾನೇಜರ್‌ಗೆ ಆಗಿಬರಲಿಲ್ಲ.

“ಏನಮ್ಮಾ, ಮತ್ತೆ ನಿಂತಿದೆ. ಆ ತಪಾಸಣೆ ತೆಗೀರಿ. ನನಗೆ ಪಟ್ಟಿ ಬೇಕು.”

ಅರ್ಥವಾಗದ್ದನ್ನೆಲ್ಲ ಅಡ್ಡಿ ಅನ್ನುವ ಜನ. ಗುದ್ದಾಡಿ ಸಾಕಾಗಿ, ಅನುಭವಿಸಲಿ ಎಂದು ಅವಳು ಆ ಸಾಲುಗಳನ್ನು ಕಿತ್ತುಹಾಕಿದಳು.

ಮುಂದಿನ ವಾರ ಪಟ್ಟಿ ಸರಾಗವಾಗಿ ಬಂತು. ಮ್ಯಾನೇಜರ್ ಸಹಿ ಜಡಿದು, “ನೋಡಿ, ಈಗ ಎಷ್ಟು ಚೆನ್ನಾಗಿ ಓಡ್ತಿದೆ,” ಎಂದು ಬೀಗಿದ. ಅವಳು ಕಣ್ಣಾಡಿಸಿದಳು. ಮೂವತ್ತೊಂದನೇ ಬಸ್ಸಿನ ಬ್ರೇಕ್ ಇಪ್ಪತ್ತಮೂರು ಮಿಲಿಮೀಟರ್. ಹೊಸದೇ ಹದಿನೆಂಟು ಇರುತ್ತದೆ. ಸವೆದಷ್ಟೂ ದಪ್ಪವಾಗುವ ಬ್ರೇಕು. ಅದಕ್ಕೂ ಸಹಿ ಹಾಕಿದ್ದ, ಮಹಾನುಭಾವ.

ಮೆಕ್ಯಾನಿಕ್‌ನ ಹಾಳೆ ತೆಗೆದಳು. ಮೂವತ್ತೊಂದರ ಮುಂದೆ ಅಂಕಿಯೇ ಇಲ್ಲ, ‘ಪರವಾಗಿಲ್ಲ’ ಎಂದು ಬರೆದಿತ್ತು. ಆ ಒಂದು ಮಾತು ಸೇರಿದ್ದಕ್ಕೆ ಪ್ರೋಗ್ರಾಂ ಇಡೀ ಕಾಲಂ ಅನ್ನೇ ಮಾತುಗಳೆಂದು ತಿಳಿದು, ನಿಘಂಟಿನಂತೆ ಜೋಡಿಸಿ, ದಪ್ಪದ ಬದಲು ಬರೀ ಕ್ರಮಸಂಖ್ಯೆ ಕೊಟ್ಟಿತ್ತು. ಅಂಕಿಗಳೆಲ್ಲ ಮುಗಿದ ಮೇಲೆ ಕೊನೆಗೆ ನಿಂತ ‘ಪರವಾಗಿಲ್ಲ’ಕ್ಕೆ ಎಲ್ಲಕ್ಕಿಂತ ದೊಡ್ಡ ಸಂಖ್ಯೆ. ಪಟ್ಟಿಯಲ್ಲಿ ಒಂದೂ ನಿಜವಲ್ಲ.

ಮೂವತ್ತೊಂದನ್ನು ಓಡಿಸುವವನು ಅವಳ ಸ್ವಂತ ತಮ್ಮ. ಇಳಿಜಾರಿನ ದಾರಿಯ ಬಸ್ಸು, ಎಲ್ಲಕ್ಕಿಂತ ಮೊದಲು ಹೊರಡುವುದೂ ಅದೇ. ಚಪ್ಪಲಿ ಮೆಟ್ಟದೆ ಓಡಿ, ಗೇಟಿನತ್ತ ತಿರುಗಿದ್ದ ಬಸ್ಸಿಗೆ ಅಡ್ಡ ನಿಂತಳು. ತಮ್ಮನನ್ನು ಕೆಳಗಿಳಿಸಿ, ಮೆಕ್ಯಾನಿಕ್‌ನನ್ನು ಕರೆಸಿ ಅಳೆಸಿದಳು. ಎರಡೇ ಮಿಲಿಮೀಟರ್.

“ಅಳೆಯದೇ ಬರೆದ್ಯಲ್ಲ, ನಾಚಿಕೆ ಆಗಲ್ವಾ ನಿಂಗೆ?”

ತಮ್ಮ ನಡುವೆ ಬಂದ.

“ಅವನನ್ನ ಬೈಬೇಡ ಅಕ್ಕಾ. ಅವತ್ತು ನನಗೇ ಹೊರಡೋ ಅವಸರ. ಬ್ರೇಕ್ ಹೇಗಿದೆ ಅಂದ. ಪರವಾಗಿಲ್ಲ, ಬರ್ಕೋ ಅಂದೆ.”

ಅನುಭವಿಸಲಿ ಎಂದು ಆ ನಾಲ್ಕು ಸಾಲು ಕಿತ್ತವಳು ತಾನೇ. ಕೈ ಚಾಚಿ ಅವನಿಂದ ಬಸ್ಸಿನ ಕೀ ಇಸಿದುಕೊಂಡಳು.