ವಾರಿಜಳ ಮೊಬೈಲ್ ಮತ್ತು ನನ್ನ ಎರಡು ವರದಿ

ಕೊರೊನಾ ಗಲಾಟೆ ಮುಗಿದ ಮರುವರ್ಷ. ಬೌದ್ಧಿಕ ಅಂಗವೈಕಲ್ಯವಿರುವ ವಯಸ್ಕರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ಸಮಿತಿಯೊಂದರಲ್ಲಿ ನಾನು ಸಮಾಜ ಕಾರ್ಯಕರ್ತೆಯಾಗಿದ್ದೆ. ಕುಂದಾಪುರ, ಬೈಂದೂರು ಭಾಗದ ಅರ್ಜಿದಾರರ ಮನೆಗೆ ಹೋಗಿ ವಿಚಾರಿಸಿ ವರದಿ ಬರೆಯುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದ ಸರ್ವಿಸಿನಿಂದಾಗಿ, ಜನರನ್ನು ನೋಡಿದ ಕೂಡಲೇ ಅಳೆದುಬಿಡುತ್ತೇನೆಂಬ ಜಂಬವೂ ಇತ್ತು.

ಕಿರಿಮಂಜೇಶ್ವರದ ಸುರೇಶ ತಮ್ಮ ತಂಗಿ ವಾರಿಜಳಿಗೆ ಪೋಷಕರಾಗಲು ಅರ್ಜಿ ಹಾಕಿದ್ದರು. ಅವಳಿಗೆ ಇಪ್ಪತ್ತೇಳು ವರ್ಷ. ಇಂಟರ್‌ನೆಟ್‌ನಲ್ಲಿ ಗಂಟುಬಿದ್ದವನೊಬ್ಬ ಅವಳನ್ನು ಪುಸಲಾಯಿಸಿ, ಕಳಿಸಬಾರದ ಫೋಟೊ ತರಿಸಿಕೊಂಡು, ಆಮೇಲೆ ಹೆದರಿಸಿದ್ದ. ಪೊಲೀಸರು ಅವನನ್ನು ಹಿಡಿದಿದ್ದರೂ ಅಣ್ಣನ ಭಯ ಇಳಿದಿರಲಿಲ್ಲ.

"ಅದ್ಕೆ ಎಂತದೂ ಗೊತ್ತಾತಿಲ್ಲ ಮೇಡಂ. ಮೊಬೈಲ್ ಮುಟ್ಟೂಕಾಗ ಅಂದೇಳಿ ನೀವೇ ಬರ್ದ್ ಕೊಡಿ," ಎಂದರು ತಂಗಿಯತ್ತ ಕೈ ತೋರಿಸಿ.

ನಮ್ಮ ನಮೂನೆಯಲ್ಲಿ ಆರೈಕೆ, ಆಸ್ತಿ ಎಲ್ಲ ಇತ್ತು. ಇಂಟರ್‌ನೆಟ್ಟಿನ ಸುದ್ದಿಯೇ ಇರಲಿಲ್ಲ. ಅಣ್ಣನ ಎದುರೇ ವಾರಿಜಳನ್ನು ಕೇಳಿದೆ: "ಇಂಟರ್‌ನೆಟ್ ಅಂದರೇನು? ಅದರ ಅಪಾಯಗಳೇನು?" ಅವಳು ತಲೆ ತಗ್ಗಿಸಿದಳು. ಆ ಪ್ರಶ್ನೆಗೆ ಪದವೀಧರರಾದ ನನ್ನ ಗಂಡನೂ ತಡವರಿಸುತ್ತಿದ್ದರು. ಆದರೂ ಹತ್ತು ನಿಮಿಷದಲ್ಲಿ, ‘ತಿಳುವಳಿಕೆಯಿಲ್ಲ, ಮೊಬೈಲ್ ಪೋಷಕರ ವಶದಲ್ಲಿರಲಿ’ ಎಂದು ಬರೆದೆ. ಸಮಿತಿ ಒಪ್ಪಿತು.

ಮೂರು ತಿಂಗಳ ಬಳಿಕ ಮರುಭೇಟಿಗೆ ಹೋದಾಗ ವಾರಿಜ ಇಳಿದುಹೋಗಿದ್ದಳು. ಅವಳ ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದರು.

"ಬ್ರಹ್ಮಾವರದ ಲಲಿತ ಅಂದೇಳಿ ಒಂದ್ ದೋಸ್ತಿ ಇತ್ತ್ ಮೇಡಂ. ಮುಂಚೆ ಇಬ್ರೂ ಒಂದೇ ಸ್ಪೆಷಲ್ ಶಾಲೆ. ದಿನಾ ವಿಡಿಯೋ ಕಾಲ್ ಮಾಡಿ ನೆಗಾಡ್ತಿದ್ರ್. ಈಗ ಇದ್ ಯಾರತ್ರವೂ ಮಾತಾಡೂದಿಲ್ಲ."

ನನಗೆ ನಾಚಿಕೆಯಾಯಿತು. ಮೊಬೈಲಿನಲ್ಲಿ ಏನು ಮಾಡುತ್ತೀ ಎಂದು ನಾನು ಅವಳನ್ನು ಕೇಳಿರಲೇ ಇಲ್ಲ.

ವಾರಿಜಳೊಬ್ಬಳನ್ನೇ ಬಾವಿಕಟ್ಟೆಯ ಬಳಿ ಕೂರಿಸಿಕೊಂಡು, ಲಲಿತ ಫೋಟೊ ಕೇಳಿದರೆ ಏನು ಮಾಡುತ್ತೀ, ಗುರುತಿಲ್ಲದವರು ಕೇಳಿದರೆ ಏನು ಮಾಡುತ್ತೀ ಎಂದು ಒಂದೊಂದಾಗಿ ಕೇಳಿದೆ. ಕೊನೆಯ ಪ್ರಶ್ನೆಗೆ ಅವಳು ತಲೆಯೆತ್ತಿ ಹೇಳಿದಳು.

"ಗುರ್ತಿಲ್ದಿದ್ದರಿಗೆ ಕಳ್ಸೂಕಾಗ. ಪೊಲೀಸ್ರ್ ಬಂದ್ಮೇಲೆ ಗೊತ್ತಾಯ್ತ್. ಅದ್ಕ್ ಮುಂಚೆ ನಂಗೆ ಯಾರೂ ಹೇಳ್ಲಿಲ್ಲ."

ಎರಡನೆಯ ವರದಿಗೆ ನಾಲ್ಕು ಭೇಟಿ ಬೇಕಾಯಿತು. ಮೊಬೈಲ್ ಅವಳದೇ, ಹೊಸಬರು ಸಂಪರ್ಕಿಸಿದರೆ ಮಾತ್ರ ಅತ್ತಿಗೆಯ ನೆರವು, ಆರು ತಿಂಗಳಿಗೊಮ್ಮೆ ಮರುಪರಿಶೀಲನೆ ಎಂದು ಬರೆದೆ. ಸುರೇಶ ಸಿಟ್ಟಾದರು. "ಇನ್ನೊಂದ್ಸಲ ಹಾಂಗಾರೆ ನೀವ್ ಬತ್ರಿಯಾ?" ಎಂದರು. ಅವರ ಹೆದರಿಕೆ ಸುಳ್ಳಲ್ಲ. ಹಾಗಾಗುವುದಿಲ್ಲವೆಂಬ ಗ್ಯಾರಂಟಿ ನನ್ನಲ್ಲಿರಲಿಲ್ಲ. ಸಮಿತಿ ಆದೇಶ ತಿದ್ದಿತು.

ಮೊಬೈಲ್ ಕೈಗೆ ಬಂದ ದಿನ ನಾನೂ ಅಲ್ಲಿದ್ದೆ. ವಾರಿಜ ಲಲಿತಳಿಗೆ ಐದು ಸಲ ಕರೆ ಮಾಡಿದಳು. ಸ್ವಿಚ್ ಆಫ್. ಕೊನೆಗೆ ಅತ್ತಿಗೆ ಲಲಿತಳ ತಾಯಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿದರು.

"ವಾರಿಜಂದ್ ಮೊಬೈಲ್ ತೆಗ್ದಿಟ್ಟದ್ ಕೇಂಡ್ ನಾವೂ ಇದ್ರದ್ ತೆಗ್ದಿಟ್ಟಿತ್," ಎಂದಿತು ಆ ದನಿ. "ಆಫೀಸಿನರೇ ಬ್ಯಾಡ ಅಂದ್ ಬರ್ದ್ರ್ ಅಂಬ್ರಲೆ."

ಒಬ್ಬರಿಗೆ ತಿಳುವಳಿಕೆ ಇಲ್ಲವೆಂದು ಬರೆಯುವ ಮೊದಲು, ಯಾರಾದರೂ ಅವರಿಗೆ ತಿಳಿಸಿ ಹೇಳಿದ್ದಾರೆಯೇ ಎಂದು ಕೇಳಬೇಕು. ಇದನ್ನು ನಾನು ಕಲಿತದ್ದು ಇಬ್ಬರು ಹೆಣ್ಣುಮಕ್ಕಳ ನಗು ನಿಲ್ಲಿಸಿದ ಮೇಲೆ. ಲಲಿತಳ ಬಗ್ಗೆ ನನ್ನ ಮುಂದೆ ಯಾವ ಅರ್ಜಿಯೂ ಇರಲಿಲ್ಲ, ವರದಿ ಬರೆದು ತಿದ್ದುವ ದಾರಿಯೂ ಇರಲಿಲ್ಲ. ಮರುದಿನ ರಜೆ ಹಾಕಿ, ವಾರಿಜಳನ್ನು ಕರೆದುಕೊಂಡು ಬ್ರಹ್ಮಾವರದ ಬಸ್ಸು ಹತ್ತಿದೆ.