ಶಾಲೆಯ ಮುಂದೆ ಅದಿರಿನ ಟ್ರಕ್ ನಿಲ್ಲಿಸಿದ ಇಬ್ಬರು ತಾಯಂದಿರು

ಹಂಪ್ ಹಾಕಿಸುತ್ತೇವೆ ಎಂದರು ಗಣಿ ಕಂಪನಿಯವರು. ಟ್ರಕ್ಕುಗಳು ನಿಧಾನವಾಗುತ್ತವೆ ಎಂದು ಕೈಬಿಟ್ಟರು!

ಬಿಳಿ ಪಟ್ಟೆ ಬಳಿಸುತ್ತೇವೆ ಎಂದರು. ಬಳಿಸಿದರು, ನಿಜ. ಒಂದೇ ವಾರದಲ್ಲಿ ಕೆಂಪು ಧೂಳು ಅದನ್ನು ನುಂಗಿತು.

ಶಾಲೆಯ ವೇಳೆಗೆ ವಾಚ್‌ಮನ್ ಕಳಿಸುತ್ತೇವೆ ಎಂದರು. ಫೋಟೋ ತೆಗೆಯುವವರೆಗೆ ನಿಂತಿದ್ದ. ಆಮೇಲೆ ಕಾಣಲಿಲ್ಲ.

ಇದು ಗೋವಾದ ಡಿಚೋಲಿ ಕಡೆಯ ನಮ್ಮ ಶಾಲೆಯ ಮಾತು. ಗಣಿಯಿಂದ ಹೊಳೆದಂಡೆಯ ಜೆಟ್ಟಿಗೆ ಅದಿರು ಸಾಗಿಸುವ ಟ್ರಕ್ಕುಗಳು ಗೇಟಿಗೆ ಉಜ್ಜಿಕೊಂಡೇ ಓಡುತ್ತವೆ. ನನ್ನ ಮಗಳೂ ಅಲ್ಲೇ ಓದುತ್ತಾಳೆ.

ಕೊನೆಗೆ ರಸ್ತೆಗಿಳಿದವರು ಇಬ್ಬರು ತಾಯಂದಿರು. ಬಾಗಲಕೋಟೆ ಕಡೆಯ ಹಸೀನಾ, ಗದಗಿನ ಶಾಂತಕ್ಕ. ಕೈಯಲ್ಲೊಂದು ಕೋಲು, ಅದರ ತುದಿಗೆ ಕೆಂಪು ಸೀರೆಯ ತುಂಡು.

ಟ್ರಕ್ಕಿನವರು ಸಾಲು ಮುರಿಯುವಂತಿಲ್ಲ. ಮುರಿದರೆ ಜೆಟ್ಟಿಯಲ್ಲಿ ಪಾಳಿ ಹೋಗುತ್ತದೆ. ಹಾಗಾಗಿ ಮುಂದಿನದೊಂದನ್ನು ತಡೆದರೆ ಹಿಂದಿನದೆಲ್ಲ ನಿಲ್ಲಲೇಬೇಕು. ಹಸೀನಾಳ ಗಂಡ ದಸ್ತಗೀರ ಕೂಡ ಅದೇ ಸಾಲಿನ ಡ್ರೈವರ್.

ಸೋಮವಾರ ಕಂಪನಿಯ ಸೂಪರ್‌ವೈಜರ್ ಬೈಕಿನಲ್ಲಿ ಬಂದ. ನಮ್ಮ ಬೆಳಗಾವಿಯವನೇ.

"ಏನವಾ, ರೋಡ್ ನಿಮ್ಮಪ್ಪಂದೇನ?"

"ನಮ್ಮಪ್ಪಂದಲ್ರಿ, ನಿಮ್ಮಪ್ಪಂದೂ ಅಲ್ಲ. ಹುಡುಗ್ರು ದಾಟ್ಲಿ, ಆಮ್ಯಾಲೆ ಬೇಕಾದ್ರ ಇಲ್ಲೇ ಹಾಸಿಗಿ ಹಾಸ್ಕೊಂಡ್ ಮಲ್ಕೋರಿ" ಅಂದಳು ಹಸೀನಾ.

ಅಂದೇ ಸಂಜೆ ದಸ್ತಗೀರನ ಟ್ರಕ್ಕಿನ ಚಾವಿ ಕಿತ್ತುಕೊಂಡರು. ಹೆಂಡತಿ ರಸ್ತೆ ಬಿಟ್ಟರೆ ಚಾವಿ, ಇಲ್ಲದಿದ್ದರೆ ಇಲ್ಲ.

ಮನೆಯ ಒಲೆ ಬೇಕೋ, ಮಕ್ಕಳ ಜೀವ ಬೇಕೋ... ಈ ಪ್ರಶ್ನೆಯನ್ನು ಯಾವಾಗಲೂ ಕೂಲಿಯವರ ಮುಂದೆಯೇ ಇಡುತ್ತಾರಲ್ಲ, ನನ್ನ ರಕ್ತ ಕುದಿಯುವುದು ಇದಕ್ಕೇ.

ಮಂಗಳವಾರ ಬೆಳಿಗ್ಗೆ ಹಸೀನಾ ಬರಲಾರಳು ಎಂದುಕೊಂಡು ಕೋಲು ನಾನೇ ಹಿಡಿದೆ.

ಬಂದಳು. ಕೋಲು ಕಸಿದುಕೊಂಡಳು. "ಸರೀರಿ ಅಕ್ಕಾರ. ನಿಮಗ ಭಾಷಣ ಚಲೋ ಬರ್ತೈತಿ, ಗಾಡಿ ನಿಂದ್ರಸಾಕ ಬರೂದಿಲ್ಲ!"

ಕೋಲು ಮೇಲೇಳುತ್ತದೆ. ಮೊದಲ ಟ್ರಕ್ ನಿಲ್ಲುತ್ತದೆ. ಡ್ರೈವರ್ ಬಸು ಎಂಜಿನ್ ಆಫ್ ಮಾಡಿ, ಇಳಿದು, ನೇರ ಹಸೀನಾಳ ಮುಂದೆ ಬಂದು ನಿಲ್ಲುತ್ತಾನೆ...

"ಭಾಬಿ, ಉಡಿ ಒಡ್ಡು. ದಸ್ತಗೀರನ ಚಾವಿ ಬರೂತನಕಾ ನಂದೂ ನಿನ್ನ ಹತ್ರಾನ ಇರ್ಲಿ."

ಹಿಂದಿನವನೂ ಇಳಿದ. ಅವನ ಹಿಂದಿನವನೂ. ನಮ್ಮ ಕಡೆಯವರು, ಕೊಂಕಣಿಯವರು, ಬಿಹಾರದವರು. ಚಾವಿಗಳ ಭಾರಕ್ಕೆ ಸೆರಗು ಜಗ್ಗಿದಾಗ ಶಾಂತಕ್ಕ ಒಂದು ತುದಿ ಹಿಡಿದಳು.

ಆ ರಸ್ತೆ ಅಷ್ಟು ಮೌನವಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಮಕ್ಕಳು ಓಡಲಿಲ್ಲ. ಮಾತಾಡುತ್ತ, ನಗುತ್ತ, ನಡೆದು ದಾಟಿದರು.

ಅವರು ದಾಟಿದ ಮೇಲೂ ಟ್ರಕ್ಕುಗಳು ಕದಲಲಿಲ್ಲ. ಜೆಟ್ಟಿಯಲ್ಲಿ ಅದಿರು ಒಯ್ಯುವ ದೋಣಿ, ಬಾರ್ಜ್, ಖಾಲಿ ನಿಂತಿತ್ತು.

ಮಧ್ಯಾಹ್ನದೊಳಗೆ ಅದೇ ಸೂಪರ್‌ವೈಜರ್ ದಸ್ತಗೀರನ ಚಾವಿ ಹಿಡಿದು ಬಂದ. ಶಾಂತಕ್ಕ ಸೆರಗು ಚಾಚಿದಳು: "ಬರ್ರಿ ಸಾಹೇಬ್ರ, ನಾಚ್ಕೋಬ್ಯಾಡ್ರಿ, ಇದರಾಗ ಹಾಕ್ರಿ." ಇಡೀ ಸಾಲು ಹೋ ಎಂದು ನಕ್ಕಿತು.

ಆದರೂ ಚಾವಿಗಳು ತಿರುಗಿ ಹೋಗಿದ್ದು ಕಂಪನಿಯವರು ಬಂದು ಎಲ್ಲರೆದುರು ಒಪ್ಪಿದ ಮೇಲೆಯೇ. ಶಾಲೆ ಸೇರುವಾಗ, ಬಿಡುವಾಗ ಟ್ರಕ್ ಬಂದ್. ರಸ್ತೆ ಕಾಯುವ ಕೆಲಸ ಹಸೀನಾ, ಶಾಂತಕ್ಕನಿಗೇ, ಪಗಾರದ ಸಮೇತ.

ಗೆಳೆಯರೇ, ಆ ದಾರಿಯಲ್ಲಿ ಹೋದರೆ ಗಾಡಿ ನಿಲ್ಲಿಸಿ ಅವರಿಬ್ಬರಿಗೆ ಒಂದು ಸಲಾಂ ಹೇಳಿ. ನಮ್ಮ ಮಕ್ಕಳು ಮನೆಗೆ ಬರುತ್ತಿರುವುದು ಅವರಿಂದ.

ಗಣಿಯ ಆಚೆ ಬದಿಯ ಶಾಲೆಯ ಮುಂದೆ ಮಕ್ಕಳು ಇನ್ನೂ ಜೀವ ಕೈಯಲ್ಲಿ ಹಿಡಿದು ಓಡುತ್ತಿದ್ದಾರೆ. ಸಭೆ ಆ ಶಾಲೆಯ ಗೇಟಿನಲ್ಲಿ. ಡ್ರೈವರುಗಳೂ ಬರುತ್ತಿದ್ದಾರೆ, ನೀವು?

ಭಾನುವಾರ, ಸಂಜೆ ನಾಲ್ಕು ಗಂಟೆ.